ಕೆಂಪು ಸಮುದ್ರದ ಹೊಯ್ದಾಟದಲ್ಲಿ ಒಂದು ವಾರ

ಸ್ಕೂಬಾ ಡೈವಿಂಗ್‌ಗೆಂದು ಈಜಿಪ್ಟಿನ ಹುರ್ಘಾಡಾದಿಂದ ಸಂಜೆ ಹೊರಟ ನಮ್ಮ ಲಿವ್‌ಅಬೋರ್ಡ್ ದೋಣಿ (ಊಟ, ನಿದ್ದೆ ಎಲ್ಲವೂ ಅದರಲ್ಲೇ) ರಾತ್ರಿಯಿಡೀ ಸಾಗಿ ಬೆಳಗಾಗುವಷ್ಟರಲ್ಲಿ ಬ್ರದರ್ಸ್ ದ್ವೀಪಗಳನ್ನು ಮುಟ್ಟಬೇಕಿತ್ತು. ಈಜಿಪ್ಟಿನ ಕರಾವಳಿಯಿಂದ ಸುಮಾರು 60 ಕಿಲೋಮೀಟರ್ ಆಚೆ, ನಟ್ಟನಡು ಕಡಲಲ್ಲಿ ತಲೆಯೆತ್ತಿರುವ ಈ ಎರಡು ಪುಟ್ಟ ದ್ವೀಪಗಳ ಸುತ್ತ ಗಾಳಿಗೆ ತಡೆಯೊಡ್ಡುವ ನೆಲವೇ ಇಲ್ಲವಾದ್ದರಿಂದ, ವರ್ಷದ ಬಹುಪಾಲು ಉತ್ತರದಿಂದ ಬೀಸುವ ಗಾಳಿ ಎಬ್ಬಿಸುವ ಅಲೆಗಳು ಇಲ್ಲಿಗೆ ಬರುವ ಹೊತ್ತಿಗೆ ಚೆನ್ನಾಗಿ ಬಲಿತಿರುತ್ತವೆ.

ನನ್ನ ಕೋಣೆ ಕೆಳಗಿನ ಅಂತಸ್ತಿನಲ್ಲಿ, ದೋಣಿಯ ಮೂತಿಯ ಬಳಿ ಇತ್ತು. ಮಧ್ಯರಾತ್ರಿಯ ಹೊತ್ತಿಗೆ ಹಾಸಿಗೆ ನನ್ನನ್ನು ಮೇಲೆತ್ತಿ ಒಮ್ಮೆಲೇ ಕೈಬಿಡತೊಡಗಿತು. ಒಳಕಿವಿಯ ಅರ್ಧವೃತ್ತಾಕಾರದ ನಾಳಗಳು ದೇಹ ಹೊಯ್ದಾಡುತ್ತಿದೆ ಎನ್ನುತ್ತಿರುವಾಗ, ಕಣ್ಣೆದುರಿನ ಕೋಣೆಯ ಗೋಡೆ ಮಾತ್ರ ಕದಲದೆ ನಿಂತಿರುತ್ತದೆ. ಈ ಎರಡು ಸುದ್ದಿಗಳು ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಇದು ಮನೋಬಲದ ಕೊರತೆಯಲ್ಲ. ಬೀಗಲ್ ನೌಕೆಯಲ್ಲಿ 1831ರಿಂದ 1836ರವರೆಗೆ ಜಗತ್ತನ್ನು ಸುತ್ತಿದ ಡಾರ್ವಿನ್ ಕೂಡ ಈ ಬಾಧೆಯಿಂದ ಬಹಳ ನರಳಿದ್ದರು.

ನನ್ನಿಂದಾದ ತಪ್ಪೆಂದರೆ, ಪ್ರಯಾಣದ ವಾಕರಿಕೆ ತಡೆಯುವ ಸಿನ್ನರಿಜಿನ್ ಮಾತ್ರೆಯನ್ನು ಅದು ಶುರುವಾದ ಮೇಲೆ ನುಂಗಿದ್ದು. ದೋಣಿ ಹೊರಡುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ಮಾತ್ರೆ ಹೊಟ್ಟೆ ಸೇರಿರಬೇಕಿತ್ತು. ತಡವಾಗಿ ನುಂಗಿದ್ದು ಐದೇ ನಿಮಿಷದಲ್ಲಿ ವಾಂತಿಯಾಗಿ ಹೊರಬಂತು. ಇಂಥ ಔಷಧಗಳು ಮಂಪರು ತರುವುದುಂಟು. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮೈನ್ ಪಟ್ಟಿಯಿಂದ ಬಾಯಿ ಒಣಗುವುದೂ ಕಣ್ಣು ಮಂಜಾಗುವುದೂ ಉಂಟು. ಆದ್ದರಿಂದ ಡೈವ್ ಮಾಡುವವರು ವೈದ್ಯರನ್ನು ಕೇಳಿ, ಪ್ರವಾಸಕ್ಕೆ ಮುಂಚೆಯೇ ದಡದಲ್ಲಿ ಒಂದು ದಿನ ಪ್ರಯೋಗಿಸಿ ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ನನ್ನ ಪಾಡನ್ನು ಕಂಡ ಸಿಬ್ಬಂದಿಯೊಬ್ಬರು ಕೈಹಿಡಿದು ಕರೆದೊಯ್ದು, ಹೊಯ್ದಾಟ ಎಲ್ಲಕ್ಕಿಂತ ಕಡಿಮೆಯಿರುವ ದೋಣಿಯ ನಡುಭಾಗದ ಹಾಲ್‌ನಲ್ಲಿ ಮಲಗಿಸಿದರು. ಕಣ್ಣು ಮುಚ್ಚಿ ಅಂಗಾತ ಮಲಗಿದ ಮೇಲಷ್ಟೇ ಸ್ವಲ್ಪ ಸಮಾಧಾನವಾಯಿತು.

ಬೆಳಿಗ್ಗೆ ಎರಡು ದ್ವೀಪಗಳಲ್ಲಿ ದೊಡ್ಡದಾದ ಬಿಗ್ ಬ್ರದರ್‌ನ ದಕ್ಷಿಣ ತುದಿಯಲ್ಲಿ, ದ್ವೀಪದ ಮರೆಗೆ ದೋಣಿಯನ್ನು ಕಟ್ಟಿದ್ದರು. ಬ್ರಿಟಿಷರು 1883ರಲ್ಲಿ ಕಟ್ಟಿಸಿದ ದೀಪಸ್ತಂಭವೊಂದೇ ಕಣ್ಣಿಗೆ ಸಿಕ್ಕ ಅಲುಗದ ವಸ್ತುವಾಗಿತ್ತು. ಅದನ್ನೂ ದಿಗಂತವನ್ನೂ ನೋಡುತ್ತಾ ನಿಂತಷ್ಟು ಹೊತ್ತು ಹೊಟ್ಟೆ ಸುಮ್ಮನಿತ್ತು. ಗಾಳಿಯ ಸಿಲಿಂಡರಿಗೆ, ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ರೆಗ್ಯುಲೇಟರ್ ಕೂರಿಸಲು ತಲೆ ಬಗ್ಗಿಸಿ, ಕವಾಟದೊಳಗಿನ ಪುಟ್ಟ ರಬ್ಬರ್ ಉಂಗುರವನ್ನು ದಿಟ್ಟಿಸಿದ ಕೂಡಲೇ ಬಾಯಲ್ಲಿ ನೀರೂರಿ ಬೆವರು ಕಿತ್ತುಕೊಂಡಿತು. ಗೈಡ್‌ಗೆ ವಿಷಯ ತಿಳಿಸಿ ಮೊದಲ ಡೈವ್ ಕೈಬಿಟ್ಟೆ. ರಾತ್ರಿಯಿಡೀ ವಾಂತಿಯಾಗಿ ದೇಹದ ನೀರು ಬತ್ತಿರುವಾಗ ಆಳಕ್ಕಿಳಿದರೆ ಡಿಕಂಪ್ರೆಷನ್ ಕಾಯಿಲೆಯ (ಮೇಲೇರುವಾಗ ದೇಹದೊಳಗೆ ಅನಿಲದ ಗುಳ್ಳೆಗಳೇಳುವ ತೊಂದರೆಯ) ಅಪಾಯ ಹೆಚ್ಚಬಹುದು ಎಂಬುದನ್ನು ಆಸೆಯ ಭರದಲ್ಲಿ ಮರೆಯಲಾಗದು. ಓಆರ್‌ಎಸ್ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಯುತ್ತಾ, ಡೀಸೆಲ್ ಹೊಗೆ ಬಾರದ ಕಡೆ ಕುಳಿತೆ.

ಮಧ್ಯಾಹ್ನ ಹೊಟ್ಟೆಯಲ್ಲಿ ಒಣ ಬಿಸ್ಕತ್ತು ನಿಂತ ಮೇಲೆ ನೀರಿಗಿಳಿಯುವ ಧೈರ್ಯ ಮಾಡಿದೆ. ಸಲಕರಣೆಯನ್ನು ಗೈಡ್ ಜೋಡಿಸಿಕೊಟ್ಟರು, ಕೊನೆಯಲ್ಲಿ ಅದನ್ನು ನಾನೇ ಪರೀಕ್ಷಿಸಿಕೊಂಡೆ. ನೀರಿನೊಳಗೆ ವಾಂತಿ ಬಂದರೆ ರೆಗ್ಯುಲೇಟರನ್ನು ಬಾಯಿಂದ ತೆಗೆಯದೆ ಕೈಯಲ್ಲಿ ಒತ್ತಿ ಹಿಡಿದು, ಅದರ ಮೂಲಕವೇ ಕಕ್ಕಿ, ಗಾಳಿಯನ್ನು ರಭಸದಿಂದ ಹಾಯಿಸುವ ಪರ್ಜ್ ಗುಂಡಿ ಒತ್ತಿ ಸ್ವಚ್ಛಗೊಳಿಸಿಕೊಳ್ಳಬೇಕೆಂದು ಅವರು ಇನ್ನೊಮ್ಮೆ ನೆನಪಿಸಿದರು. ನೀರಿನ ಮೇಲೆ ತೇಲುತ್ತಾ ಕಾಯದೆ ನೇರ ಕೆಳಗಿಳಿದೆವು. ಆಳಕ್ಕೆ ಹೋದಂತೆ ಅಲೆಯ ಚಲನೆ ಕುಗ್ಗುತ್ತಾ, ಅಲೆಯುದ್ದದ (ಒಂದು ಅಲೆಯ ತುದಿಯಿಂದ ಮುಂದಿನದರ ತುದಿಗಿರುವ ದೂರದ) ಅರ್ಧದಷ್ಟು ಆಳದಲ್ಲಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಇಪ್ಪತ್ತು ಮೀಟರ್ ತಲುಪುವಷ್ಟರಲ್ಲಿ ಹನ್ನೆರಡು ಗಂಟೆಗಳ ಸಂಕಟ ಹೇಳಹೆಸರಿಲ್ಲದಂತೆ ಮಾಯವಾಯಿತು. 1901ರಲ್ಲಿ ಮುಳುಗಿದ ನ್ಯೂಮಿಡಿಯಾ ಹಡಗಿನ ಕಬ್ಬಿಣದ ಪಕ್ಕೆಗಳ ಮೇಲೆ ಮೃದು ಹವಳಗಳು ಮೆತ್ತಗೆ ಬಾಗುತ್ತಿದ್ದವು. ನಾನು ಅತ್ತುಬಿಡುವಷ್ಟು ಸಂತೋಷಪಟ್ಟೆ. ಮೇಲೇರುವಾಗ ಸುರಕ್ಷತೆಗಾಗಿ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವಾಗಷ್ಟೇ ಅಲೆ ಮತ್ತೆ ಜಗ್ಗತೊಡಗಿತು. ಆಗ ದೂರದ ಹವಳ ಗೋಡೆಯ ಮೇಲೆ ದೃಷ್ಟಿ ನೆಟ್ಟೆ.

ಮೂರನೆಯ ದಿನಕ್ಕೆ ದೇಹ ಒಗ್ಗಿಕೊಂಡಿತು. ಮರಳುವಾಗ ಗಾಳಿಗೆ ಎದುರಾಗಿ ಸಾಗಬೇಕಿದ್ದರಿಂದ ಅಲೆಗಳ ಹೊಡೆತ ಇನ್ನೂ ಜೋರಾಗಿತ್ತು. ಈ ಸಲ ಲಂಗರು ಬಿಚ್ಚುವುದಕ್ಕೆ ಎರಡು ಗಂಟೆ ಮುಂಚೆ ಮಾತ್ರೆ ನುಂಗಿ, ದಿಂಬು ಹಿಡಿದು ನಡುವಿನ ಹಾಲ್‌ಗೆ ಬಂದೆ. ಅಲ್ಲಿ ಆಗಲೇ ನಾಲ್ವರು ಮಲಗಿದ್ದರು. ಅವರಲ್ಲೊಬ್ಬರು ಮಾತಿಲ್ಲದೆ ಸರಿದು ನನಗೆ ಜಾಗ ಮಾಡಿಕೊಟ್ಟರು.