ಬೆಂಚಿನ ಮೇಲಿನ ಗೀರುಗಳು

ಸ್ಪೇನಿನ ಸಾಲಮಾಂಕಾದಲ್ಲಿ ಇವತ್ತು ಎಲ್ಲರೂ ಕತ್ತೆತ್ತಿ ಕಪ್ಪೆ ಹುಡುಕುತ್ತಿದ್ದರು.

ವಿಶ್ವವಿದ್ಯಾಲಯದ ಮುಂಬಾಗಿಲ ಕೆತ್ತನೆಯಲ್ಲಿ, ತಲೆಬುರುಡೆಯೊಂದರ ಮೇಲೆ ಕುಳಿತಿದೆ ಅದು. ಯಾರ ನೆರವೂ ಇಲ್ಲದೆ ಕಂಡವರು ಪರೀಕ್ಷೆಯಲ್ಲಿ ಪಾಸು ಎಂಬ ನಂಬಿಕೆ. ನನಗೆ ಪಕ್ಕದ ಪುಟ್ಟ ಹುಡುಗಿ ಬೆರಳು ಮಾಡಿ ತೋರಿಸಿದಳು. ಅಲ್ಲಿಗೆ ನಾನು ಫೇಲು.

ಇರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಳಗಿನ ಒಂದು ತರಗತಿ. ಕವಿ, ಪ್ರಾಧ್ಯಾಪಕ ಫ್ರಾಯ್ ಲೂಯಿಸ್ ದೆ ಲಿಯೋನ್ ಹೆಸರಿನ ಕೊಠಡಿ. 1572ರಲ್ಲಿ ಅವರನ್ನು ಚರ್ಚಿನ ಧರ್ಮವಿಚಾರಣೆಯವರು (ಇನ್‌ಕ್ವಿಸಿಷನ್) ಸೆರೆಗೆ ತಳ್ಳಿದರು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕಳೆದು ಬಿಡುಗಡೆಯಾಗಿ ಬಂದವರು, "ನಿನ್ನೆ ಹೇಳುತ್ತಿದ್ದೆವಲ್ಲ" ಎಂದು ಪಾಠ ಮುಂದುವರಿಸಿದರಂತೆ. ಕತೆಯೇ ಇರಬಹುದು, ಆದರೆ ಎಂಥ ಮೇಷ್ಟ್ರು!

ಅಲ್ಲಿರುವುದನ್ನು ಬೆಂಚು ಎನ್ನುವುದೂ ದೊಡ್ಡ ಮಾತು. ಒರಟು ತೊಲೆಗಳು, ಅಷ್ಟೇ. ಅವುಗಳ ಮೈತುಂಬ ಚಾಕುವಿನ ಗೀರು, ಹೆಸರು, ಗುರುತು. ಒಂದು ಅಕ್ಷರ ಅರ್ಧಕ್ಕೇ ನಿಂತಿತ್ತು. ಮೇಷ್ಟ್ರು ಇತ್ತ ತಿರುಗಿರಬೇಕು.

ಹೊರಗಿನ ಹೊಂಬಣ್ಣದ ಕಲ್ಲುಗೋಡೆಗಳ ಮೇಲೂ ಹೆಸರುಗಳಿವೆ, ಕೆಂಪು ಬಣ್ಣದಲ್ಲಿ. ಡಾಕ್ಟರೇಟ್ ಪಡೆದವರವು. ಹಿಂದೆ ಆ ಬಣ್ಣಕ್ಕೆ ಗೂಳಿಯ ರಕ್ತ ಬೆರೆಸುತ್ತಿದ್ದರಂತೆ. ಎಲ್ಲರೂ ಅದರ ಫೋಟೋ ತೆಗೆಯುತ್ತಿದ್ದರು. ನನಗೇಕೋ ಆ ಅರ್ಧ ಅಕ್ಷರದವನೇ ನೆಂಟನಂತೆ ಕಂಡ. ಎಂಟನೇ ತರಗತಿಯಲ್ಲಿ ಕೈವಾರದ ಮುಳ್ಳಿನಿಂದ ಡೆಸ್ಕಿನ ಮೇಲೆ ನಾನೂ ಇಷ್ಟೇ ದೂರ ಬಂದು ಸಿಕ್ಕಿಬಿದ್ದಿದ್ದೆ.

ತೊಲೆಗಳನ್ನು ಮುಟ್ಟುವ ಹಾಗಿಲ್ಲ. ಕೈ ಮಾತ್ರ ಜೇಬಿನಲ್ಲಿ ಬೀಗದ ಕೈ ತಡಕುತ್ತಿತ್ತು.