ರಾತ್ರಿ ಏನೂ ತಿಂದಿಲ್ಲ, ಬೆಳಿಗ್ಗೆ ಶುಗರ್ ಎಲ್ಲಿಂದ ಬಂತು?

ಹೋದ ವರ್ಷ ಮಾಮೂಲಿ ಚೆಕಪ್ ಅಂತ ರಕ್ತ ಕೊಟ್ಟು ಬಂದಿದ್ದೆ. ಖಾಲಿ ಹೊಟ್ಟೆ ಶುಗರ್ 104 ಅಂತ ಬಂತು, ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ 5.9. ಡಾಕ್ಟ್ರು ರಿಪೋರ್ಟ್ ಮೇಲೆ ಪೆನ್ನಲ್ಲಿ ಒಂದು ಸುತ್ತು ಹಾಕಿ "ಬಾರ್ಡರ್‌ಲೈನ್ ಇದೆ, ಸಿಹಿ ಕಮ್ಮಿ ಮಾಡಿ, ಆರು ತಿಂಗಳು ಬಿಟ್ಟು ಬನ್ನಿ" ಅಂದ್ರು, ಅಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು. ನನಗೆ ತಲೆ ಕೆಟ್ಟಿದ್ದು ಬಾರ್ಡರ್‌ಲೈನ್ ಅಂದಿದ್ದಕ್ಕಲ್ಲ. ನಾನು ಸಿಹಿ ತಿನ್ನೋನೇ ಅಲ್ಲ, ಕಾಫಿಗೂ ಸಕ್ಕರೆ ಹಾಕಿಸಲ್ಲ. ಹಿಂದಿನ ರಾತ್ರಿ ಎಂಟಕ್ಕೆ ಊಟ ಮುಗಿಸಿ ಬೆಳಿಗ್ಗೆ ಎಂಟರ ತನಕ ಬರೀ ನೀರು ಕುಡಿದಿದ್ದೆ. ಹನ್ನೆರಡು ಗಂಟೆ ಬಾಯಿಗೆ ಏನೂ ಹಾಕಿಲ್ಲ ಅಂದ್ಮೇಲೆ ಈ ಶುಗರ್ ಎಲ್ಲಿಂದ ಬಂತು?

ಇದೊಂದು ಪ್ರಶ್ನೆ ಹಿಡ್ಕೊಂಡು ಓದ್ತಾ ಹೋದೆ. ಉತ್ತರ ಲಿವರ್.

ಮೊದಲು ಲೆಕ್ಕ ನೋಡಿ. ದೊಡ್ಡೋರ ಮೈಯಲ್ಲಿ ಹೆಚ್ಚುಕಮ್ಮಿ ಐದು ಲೀಟರ್ ರಕ್ತ ಇರುತ್ತೆ, ಶುಗರ್ 100 ಅಂದ್ರೆ ಡೆಸಿಲೀಟರಿಗೆ 100 ಮಿಲಿಗ್ರಾಂ, ಅಂದ್ರೆ ಇಡೀ ರಕ್ತದಲ್ಲಿ ಸೇರಿ ಇರೋದು 5 ಗ್ರಾಂ. ಒಂದು ಟೀ ಚಮಚ ಅಷ್ಟೇ! ನಾವು ಒಂದೊಂದು ಊಟಕ್ಕೆ ಇದರ ಹತ್ತಿಪ್ಪತ್ತು ಪಟ್ಟು ಪಿಷ್ಟ ಒಳಗೆ ಇಳಿಸ್ತೀವಿ, ಆದ್ರೂ ರಕ್ತದಲ್ಲಿ ಆ ಒಂದು ಚಮಚದ ಆಸುಪಾಸಲ್ಲೇ ನಿಲ್ಲುತ್ತೆ ಅಂದ್ರೆ ಯಾರೋ ಹಗಲೂ ರಾತ್ರಿ ಕೂತು ತೂಗ್ತಾ ಇದ್ದಾರೆ ಅಂತಾಯ್ತು. ಊಟ ಆದ್ಮೇಲೆ ಲಿವರ್ ಸುಮಾರು 100 ಗ್ರಾಂ ತನಕ ಗ್ಲೂಕೋಸನ್ನ ಗ್ಲೈಕೋಜನ್ ಮಾಡಿ ಕೂಡಿಟ್ಕೊಳ್ಳುತ್ತೆ, ರಾತ್ರಿ ನಾವು ಮಲಗಿದಾಗ ಮಿದುಳಿಗೆ ಬೇಕಲ್ಲ, ಅದಕ್ಕೆ ಸ್ವಲ್ಪ ಸ್ವಲ್ಪಾನೇ ಬಿಡ್ತಾ ಹೋಗುತ್ತೆ, ಸಾಲದೇ ಹೋದ್ರೆ ಹೊಸದಾಗಿ ತಯಾರಿಸುತ್ತೆ ಕೂಡ. ಬೆಳಗಿನ ಜಾವ ಕಾರ್ಟಿಸಾಲ್, ಗ್ರೋತ್ ಹಾರ್ಮೋನ್ ಎಲ್ಲ ಏರಿ "ಏಳೋ ಹೊತ್ತಾಯ್ತು, ಇನ್ನಷ್ಟು ಬಿಡು" ಅಂತ ಲಿವರ್‌ಗೆ ಹೇಳ್ತವೆ. "ಸಾಕು, ನಿಲ್ಲಿಸು" ಅಂತ ಹೇಳೋದು ಇನ್ಸುಲಿನ್. ನನ್ನ ಲಿವರ್ ಆ ಮಾತಿಗೆ ಕಿವಿ ಕೊಡ್ತಿರಲಿಲ್ಲ. ಬೆಳಿಗ್ಗೆ ಬಂದ 104 ನಾನು ತಿಂದಿದ್ದಲ್ಲ, ನನ್ನ ಲಿವರ್ ರಾತ್ರಿಯಿಡೀ ಕೂತು ಬಿಟ್ಟಿದ್ದು.

ಇನ್ಸುಲಿನ್ ರೆಸಿಸ್ಟೆನ್ಸ್ ಅಂದ್ರೆ ಇಷ್ಟೇ, ಇನ್ಸುಲಿನ್ ಇದೆ, ಮಾತು ನಡೀತಿಲ್ಲ. ಎಲ್ಲ ಕಡೆ ಇದಕ್ಕೆ ಬೀಗ, ಕೀಲಿಕೈ ಚಿತ್ರ ಬರೆದು ತೋರಿಸ್ತಾರೆ, ನನಗೆ ಅದು ಅಷ್ಟು ಹಿಡಿಸಲ್ಲ, ಬೀಗ ಅಂದ್ರೆ ಒಂದೋ ತೆಗೀಬೇಕು ಇಲ್ಲ ತೆಗೀಬಾರ್ದು, ಇಲ್ಲಿ ಹಂಗಲ್ಲ. ಮಕ್ಕಳನ್ನ ಊಟಕ್ಕೆ ಕರೆಯೋದು ಇದೆಯಲ್ಲ, ಅದು ಸರಿಯಾದ ಹೋಲಿಕೆ. ಮೊದಮೊದಲು ಅಮ್ಮ ಒಂದು ಸಲ ಕರೆದ್ರೆ ಬಂದು ಕೂರ್ತಿದ್ವು, ಆಮೇಲಾಮೇಲೆ ನಾಲ್ಕು ಸಲ, ಹತ್ತು ಸಲ ಕೂಗಬೇಕು. ಎಲ್ಲರೂ ಊಟಕ್ಕೆ ಕೂತಿದ್ದಾರಾ ಅಂತ ಮಾತ್ರ ನೋಡೋರಿಗೆ ಮನೇಲಿ ಎಲ್ಲ ಸರಿಯಾಗೇ ಕಾಣುತ್ತೆ, ಅಮ್ಮನ ಗಂಟಲು ಹರಿದು ಹೋಗಿರೋದು ಗೊತ್ತಾಗಲ್ಲ. ಶುಗರ್ ಟೆಸ್ಟ್ ನೋಡೋದು ಊಟಕ್ಕೆ ಕೂತ ಮಕ್ಕಳನ್ನ.

ಅದಕ್ಕೇ ಇದು ಇಷ್ಟು ವರ್ಷ ಬಚ್ಚಿಟ್ಕೊಂಡಿರುತ್ತೆ. ಮೇದೋಜೀರಕ ಗ್ರಂಥಿ ಜಾಸ್ತಿ ಜಾಸ್ತಿ ಇನ್ಸುಲಿನ್ ಸುರಿದು ಶುಗರನ್ನ ನಾರ್ಮಲ್‌ನಲ್ಲೇ ಇಟ್ಟಿರುತ್ತೆ, ವರ್ಷಗಟ್ಟಲೆ, ಅದು ಸುಸ್ತಾದ ದಿನ ನಮಗೆ ನಂಬರ್ ಏರಿದ್ದು ಕಾಣುತ್ತೆ. ಖಾಲಿ ಹೊಟ್ಟೇಲಿ 100ಕ್ಕಿಂತ ಕಮ್ಮಿ ನಾರ್ಮಲ್, 100ರಿಂದ 125 ಪ್ರೀಡಯಾಬಿಟಿಸ್, 126 ಮತ್ತೆ ಮೇಲೆ ಡಯಾಬಿಟಿಸ್, ಎಚ್‌ಬಿಎ1ಸಿಗೆ 5.7 ಮತ್ತು 6.5 ಗಡಿ, ಇದು ಎಲ್ಲರಿಗೂ ಗೊತ್ತಿರೋದೇ. ಆದ್ರೆ ಹೋಮಾ-ಐಆರ್ ಅಂತ ಒಂದು ಲೆಕ್ಕ ಇದೆ, 1985ರಿಂದ ಇರೋದು, ನಂಬರ್ ಜಾಸ್ತಿ ಬಂದಷ್ಟೂ ಇನ್ಸುಲಿನ್ ಮಾತು ನಡೀತಿಲ್ಲ ಅಂತ ಅರ್ಥ. ಖಾಲಿ ಹೊಟ್ಟೆ ಇನ್ಸುಲಿನ್ ಇಂಟು ಖಾಲಿ ಹೊಟ್ಟೆ ಶುಗರ್, ಭಾಗಿಸು 405. ಇಬ್ಬರಿಗೂ ಶುಗರ್ 92 ಅಂತಿಟ್ಕೊಳ್ಳಿ. ಒಬ್ಬರ ಇನ್ಸುಲಿನ್ 5, ಲೆಕ್ಕ 1.1 ಬರುತ್ತೆ. ಇನ್ನೊಬ್ಬರದು 22, ಲೆಕ್ಕ 5 ಬರುತ್ತೆ. ಶುಗರ್ ರಿಪೋರ್ಟ್ ಎರಡೂ ಒಂದೇ, ಇಬ್ಬರೂ ಖುಷಿಯಾಗಿ ಮನೆಗೆ ಹೋಗ್ತಾರೆ. ನಂದು ಇನ್ಸುಲಿನ್ 18 ಬಂತು, ಅಂದ್ರೆ 4.6. ಈ ಲೆಕ್ಕಕ್ಕೆ ಎಲ್ಲರೂ ಒಪ್ಪೋ ಗಡಿ ಇಲ್ಲ, ಲ್ಯಾಬಿಂದ ಲ್ಯಾಬಿಗೆ ಇನ್ಸುಲಿನ್ ನಂಬರ್ ಬದಲಾಗುತ್ತೆ, ಹಾಗಾಗಿ ಡಾಕ್ಟ್ರುಗಳು ಎಲ್ಲರಿಗೂ ಬರೆಯಲ್ಲ, ಅದು ತಪ್ಪಲ್ಲ. ಆದ್ರೆ ನಂದು ಸಾಮಾನ್ಯವಾಗಿ ಗಡಿ ಅಂತ ಹೇಳೋ 2, 2.5ರ ಹತ್ರಾನೂ ಇರ್ಲಿಲ್ಲ.

ಬೇರೆ ಸುಳಿವುಗಳು ಕಣ್ಣೆದುರೇ ಇದ್ವು, ನಾನು ನೋಡಿರಲಿಲ್ಲ. ಹಳೇ ರಿಪೋರ್ಟೆಲ್ಲ ತೆಗೆದು ನೋಡಿದ್ರೆ ರಕ್ತದಲ್ಲಿರೋ ಕೊಬ್ಬು, ಟ್ರೈಗ್ಲಿಸರೈಡ್, ನಾಲ್ಕು ವರ್ಷದಿಂದ 200 ದಾಟಿದೆ, 150ರೊಳಗೆ ಇರಬೇಕಿತ್ತು, ಒಳ್ಳೇ ಕೊಲೆಸ್ಟ್ರಾಲ್ ಎಚ್‌ಡಿಎಲ್ 36, ಗಂಡಸರಿಗೆ 40 ಆದ್ರೂ ಬೇಕು. ಹೊಟ್ಟೆ ಸುತ್ತಳತೆ ಬಿಡಿ. ಕುತ್ತಿಗೆ ಹಿಂದೆ ಚರ್ಮ ಕಪ್ಪಗೆ, ಸ್ವಲ್ಪ ದಪ್ಪಗೆ ಮಖಮಲ್ ಥರ ಆಗಿತ್ತು, ನಾನು ಅದನ್ನ ಕೊಳೆ ಅಂತ ಎರಡು ವರ್ಷ ಉಜ್ಜಿದೀನಿ ಸ್ವಾಮಿ! ಅದು ಅಕಾಂಥೋಸಿಸ್ ನೈಗ್ರಿಕನ್ಸ್, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ ಇದ್ರೆ ಚರ್ಮದ ಕೋಶಗಳು ಬೇಗ ಬೇಗ ಬೆಳೆದು ಹಂಗಾಗುತ್ತೆ, ಸೋಪಿಗೆ ಬಗ್ಗಲ್ಲ. ಹೆಣ್ಮಕ್ಕಳಲ್ಲಿ ಪಿಸಿಒಎಸ್ ಅನ್ನೋ ಹಾರ್ಮೋನ್ ತೊಂದರೆ ಹಿಂದೇನೂ ಬಹಳ ಸಲ ಇದೇ ಇರುತ್ತೆ.

ಇದೇನು ಹೊಸ ವಿಷಯಾನೂ ಅಲ್ಲ. 1921ರಲ್ಲಿ ಟೊರೊಂಟೊದಲ್ಲಿ ಬ್ಯಾಂಟಿಂಗ್, ಬೆಸ್ಟ್ ಅವರೆಲ್ಲ ಇನ್ಸುಲಿನ್ ಕಂಡುಹಿಡಿದಾಗ ಡಯಾಬಿಟಿಸ್ ಅಂದ್ರೆ ಇನ್ಸುಲಿನ್ ಇಲ್ಲದಿರೋದು ಅಂತ್ಲೇ ಎಲ್ಲರೂ ಅಂದ್ಕೊಂಡಿದ್ರು. 1936ರಲ್ಲಿ ಹ್ಯಾರಲ್ಡ್ ಹಿಮ್ಸ್‌ವರ್ತ್ ಅನ್ನೋ ಬ್ರಿಟಿಷ್ ಡಾಕ್ಟ್ರು ರೋಗಿಗಳಿಗೆ ಗ್ಲೂಕೋಸ್ ಮತ್ತೆ ಇನ್ಸುಲಿನ್ ಒಟ್ಟಿಗೆ ಕೊಟ್ಟು ನೋಡಿದ್ರು, ಕೆಲವರಲ್ಲಿ ಶುಗರ್ ಏರಲಿಲ್ಲ, ಕೆಲವರಲ್ಲಿ ಇನ್ಸುಲಿನ್ ಕೊಟ್ರೂ ಏರ್ತಾ ಹೋಯ್ತು, ಇದರಲ್ಲಿ ಎರಡು ಜಾತಿ ಇದೆ ಅಂದ್ರು. ಆಮೇಲೆ ಅಮೆರಿಕದ ವಿಜ್ಞಾನಿಗಳಾದ ರೊಸಾಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿ ಇನ್ಸುಲಿನ್ ಅಳೆಯೋ ವಿಧಾನ ಮಾಡಿದಾಗ, ದೊಡ್ಡ ವಯಸ್ಸಲ್ಲಿ ಡಯಾಬಿಟಿಸ್ ಬಂದೋರ ರಕ್ತದಲ್ಲಿ ಇನ್ಸುಲಿನ್ ಬೇಕಾದಷ್ಟಿತ್ತು. ಯಾಲೋಗೆ 1977ರಲ್ಲಿ ನೊಬೆಲ್ ಬಂತು, ಬರ್ಸನ್ ಅಷ್ಟರಲ್ಲಿ ತೀರಿಕೊಂಡಿದ್ರು. ಅಷ್ಟು ಹಳೇ ವಿಷಯ, ಆದ್ರೂ ನನಗೆ ಸಿಕ್ಕಿದ್ದು "ಸಿಹಿ ಕಮ್ಮಿ ಮಾಡಿ".

ಅಕ್ಕನಿಗೆ ಹತ್ತು ವರ್ಷದಿಂದ ಶುಗರ್ ಇದೆ. ಫೋನ್ ಮಾಡಿ ಹೇಳಿದ್ದಕ್ಕೆ ತಾನು ಹೊಸ ಮೀಟರ್ ತಗೊಂಡಿದ್ಲಂತೆ, ಹಳೇದನ್ನ ಚೆನ್ನಾಗಿ ಒರೆಸಿ ನನಗೆ ಕಳಿಸಿದ್ಲು. ಚುಚ್ಚೋ ಪೆನ್ನು ಮಾತ್ರ ಕಳಿಸಲಿಲ್ಲ, "ಅದು ಹಲ್ಲುಜ್ಜೋ ಬ್ರಷ್ ಇದ್ದಂಗೆ ಕಣೋ, ನಿಂದು ನೀನೇ ತಗೋ, ಬೆರಳಿನ ತುದೀಗೆ ಚುಚ್ಕೋಬೇಡ, ಪಕ್ಕಕ್ಕೆ ಚುಚ್ಕೋ, ನೋವಾಗಲ್ಲ" ಅಂದ್ಲು. ಮೂರನೇ ದಿನ ಸಂಜೆ ಟೆಸ್ಟ್ ಮಾಡಿದ್ರೆ 236! ಕಾಲು ನಡುಗಿಹೋಯ್ತು. ತಕ್ಷಣ ಅಕ್ಕನಿಗೆ ಫೋನು.

"ಲೋ, ಏನು ತಿಂದೆ?"

"ಏನೂ ಇಲ್ಲ ಕಣಕ್ಕಾ, ಮಗಳಿಗೆ ಕಿತ್ತಳೆ ಹಣ್ಣು ಸುಲಿದು ಕೊಟ್ಟೆ ಅಷ್ಟೇ."

"ಕೈ ತೊಳ್ಕೊಂಡ್ಯಾ?"

ತೊಳ್ಕೊಂಡು ಬಂದು ಇನ್ನೊಂದು ಬೆರಳಿಗೆ ಚುಚ್ಚಿದೆ, 113. ಬೆರಳ ಮೇಲಿದ್ದ ಹಣ್ಣಿನ ರಸ ಅಷ್ಟು ಮಾಡಿತ್ತು. ಸೋಪು ನೀರಲ್ಲಿ ತೊಳೆದು ಒಣಗಿಸ್ಕೊಂಡೇ ಚುಚ್ಚಬೇಕು, ಬರೀ ಸ್ಯಾನಿಟೈಸರ್ ಸಾಲದು. ಅಕ್ಕ ಎರಡು ವಾರ ನಕ್ಕಳು.

ಆ ಮೀಟರಲ್ಲಿ ನಾನು ಮಾಡಿದ ಒಂದೇ ಒಂದು ಉಪಯೋಗದ ಕೆಲಸ ಹೇಳ್ತೀನಿ. ಅದೇ ಮಧ್ಯಾಹ್ನದ ಊಟ, ಅದೇ ಅಳತೆ, ಒಂದಿನ ತಿಂದು ಕುರ್ಚಿ ಮೇಲೆ ಕೂತೆ, ಗಂಟೆ ಬಿಟ್ಟು ನೋಡಿದ್ರೆ 172. ಇನ್ನೊಂದಿನ ತಿಂದು ಕೈ ತೊಳೆದು ಹದಿನೈದು ನಿಮಿಷ ನಡೆದೆ, ಗಂಟೆ ಬಿಟ್ಟು ನೋಡಿದ್ರೆ 138. ಈ ಮೀಟರ್‌ಗಳಲ್ಲಿ ಶೇಕಡ 15 ಆಚೀಚೆ ಆಗೋದಕ್ಕೆ ಅವಕಾಶ ಇದೆ ಅಂತ ಗೊತ್ತಿದ್ದರಿಂದ ನಂಬದೇ ಮೂರ್ನಾಲ್ಕು ಸಲ ಮಾಡಿದೆ, ಪ್ರತಿ ಸಲಾನೂ ನಡೆದ ದಿನವೇ ಕಮ್ಮಿ. ಇದರ ಹಿಂದಿನ ಕಾರಣ ಓದಿದಾಗ ನಿಜಕ್ಕೂ ಖುಷಿಯಾಯ್ತು. ಸ್ನಾಯುವಿನ ಕೋಶದೊಳಗೆ ಗ್ಲುಟ್-4 ಅಂತ ಸಾಗಾಣಿಕೆ ಪ್ರೋಟೀನುಗಳು ಇರ್ತವೆ, ಇನ್ಸುಲಿನ್ ಕೂಗಿದ್ರೆ ಅವು ಕೋಶದ ಹೊರಪದರಕ್ಕೆ ಬಂದು ಗ್ಲೂಕೋಸನ್ನ ಒಳಗೆ ತಗೋತವೆ. ಆದ್ರೆ ಸ್ನಾಯು ಕೆಲಸ ಮಾಡೋವಾಗ, ಇನ್ಸುಲಿನ್ ಕರೀದೇ ಇದ್ರೂ ಅವು ತಾವಾಗೇ ಮೇಲೆ ಬರ್ತವೆ! ಆ ದಾರಿ ನನ್ನಂಥೋರಲ್ಲೂ ಕೆಟ್ಟಿರಲ್ಲ. ಅಮ್ಮ ಕೂಗೋ ಮುಂಚೇನೇ ಹಸಿದ ಮಕ್ಕಳು ಬಂದು ತಟ್ಟೆ ಮುಂದೆ ಕೂತಂಗೆ. ಚೆನ್ನಾಗಿ ವ್ಯಾಯಾಮ ಮಾಡಿದ ಮೇಲೆ ಒಂದೆರಡು ದಿನ ಸ್ನಾಯು ಇನ್ಸುಲಿನ್ ಮಾತು ಕೂಡ ಚೆನ್ನಾಗಿ ಕೇಳುತ್ತೆ, ಮತ್ತೆ ಸ್ನಾಯು ಜಾಸ್ತಿ ಇದ್ದಷ್ಟೂ ಗ್ಲೂಕೋಸ್ ಇಡೋಕೆ ಜಾಗ ಜಾಸ್ತಿ, ಲಿವರ್‌ಗಿಂತ ಮೂರ್ನಾಲ್ಕು ಪಟ್ಟು ಗ್ಲೈಕೋಜನ್ ಅಲ್ಲೇ ಇರೋದು. ಹಾಗಾಗಿ ವಾರಕ್ಕೆ ಎರಡು ಮೂರು ದಿನ ಭಾರ ಎತ್ತೋದನ್ನೂ ಶುರು ಮಾಡಿದೆ, ನಲವತ್ತಾರನೇ ವಯಸ್ಸಲ್ಲಿ, ಮೊದಲ ವಾರ ಮೆಟ್ಟಿಲು ಇಳಿಯೋಕೂ ಆಗಿರಲಿಲ್ಲ ಅದು ಬೇರೆ ವಿಷಯ.

ಊಟದ ಬಗ್ಗೆ ನಾನು ಜಾಸ್ತಿ ಹೇಳಲ್ಲ, ಹೇಳೋರು ಬೇಕಾದಷ್ಟು ಜನ ಇದ್ದಾರೆ. ನನಗೆ ಕೆಲಸ ಮಾಡಿದ್ದು ತಟ್ಟೇಲಿ ಮೊದಲು ತರಕಾರಿ, ಕಾಳು, ಮೊಟ್ಟೆ ಇಂಥದ್ದು ತಿಂದು, ಪಿಷ್ಟದ್ದನ್ನ ಕೊನೇಲಿ ತಿನ್ನೋದು, ಅಷ್ಟಕ್ಕೇ ಊಟದ ನಂತರದ ಏರಿಕೆ ಕಮ್ಮಿ ಆಗುತ್ತೆ. ಜ್ಯೂಸ್ ಬಿಟ್ಟೆ, ಹಣ್ಣು ಬಿಡಲಿಲ್ಲ, ಹಣ್ಣು ಅಗಿದು ತಿಂದ್ರೆ ನಾರು ಒಳಗೆ ಹೋಗುತ್ತೆ, ಸಕ್ಕರೆ ನಿಧಾನಕ್ಕೆ ರಕ್ತಕ್ಕೆ ಸೇರುತ್ತೆ, ಜ್ಯೂಸಲ್ಲಿ ಮೂರು ಹಣ್ಣಿನದು ಮೂರು ಗುಟುಕಿಗೆ ಒಳಗೆ. ಪಿಷ್ಟ ಪೂರ್ತಿ ಬಿಟ್ಟವರನ್ನ ಬೈಯೋದೂ ಇಲ್ಲ, ಹಿಂಬಾಲಿಸೋದೂ ಇಲ್ಲ, ನನ್ನಿಂದ ಆಗಲ್ಲ ಅಂತ ಗೊತ್ತು. ಸಮಸ್ಯೆಯ ದೊಡ್ಡ ಬೇರು ಇರೋದು ಇರಬಾರದ ಜಾಗದಲ್ಲಿ ಕೂತ ಕೊಬ್ಬಲ್ಲಿ, ಲಿವರ್ ಒಳಗೆ, ಸ್ನಾಯು ಒಳಗೆ, ಹೊಟ್ಟೆ ಅಂಗಾಂಗಗಳ ಸುತ್ತ. ಸ್ವಲ್ಪ ತೂಕ ಇಳಿದ್ರೂ ಮೊದಲು ಖಾಲಿ ಆಗೋದ್ರಲ್ಲಿ ಲಿವರಿನ ಕೊಬ್ಬು ಒಂದು, ಅದಕ್ಕೇ ನಾಲ್ಕೈದು ಕೆಜಿ ಇಳಿದ್ರೂ ಬೆಳಗಿನ ನಂಬರಲ್ಲಿ ಗೊತ್ತಾಗುತ್ತೆ. ಅಮೆರಿಕದಲ್ಲಿ 3,234 ಪ್ರೀಡಯಾಬಿಟಿಸ್ ಇರೋರ ಮೇಲೆ ನಡೆದ ದೊಡ್ಡ ಅಧ್ಯಯನ 2002ರಲ್ಲಿ ಬಂತು, ಶೇಕಡ 7ರಷ್ಟು ತೂಕ ಇಳಿಸೋದು, ವಾರಕ್ಕೆ 150 ನಿಮಿಷ ನಡಿಗೆಯಂಥ ವ್ಯಾಯಾಮ, ಇದು ಒಂದು ಗುಂಪಿನ ಗುರಿ. ಅವರಲ್ಲಿ ಡಯಾಬಿಟಿಸ್‌ಗೆ ತಿರುಗೋದು ಶೇಕಡ 58 ಕಮ್ಮಿ ಆಯ್ತು, ಮೆಟ್‌ಫಾರ್ಮಿನ್ ಮಾತ್ರೆ ತಗೊಂಡೋರಲ್ಲಿ ಶೇಕಡ 31. ಹಂಗಂತ ಮಾತ್ರೆ ಕೆಟ್ಟದ್ದಲ್ಲ, ಅಕ್ಕ ತಗೋತಾಳೆ, ರಾತ್ರಿ ಸುಮ್ನೆ ಗ್ಲೂಕೋಸ್ ಸುರಿಯೋ ಲಿವರನ್ನ ತಡೆಯೋದೇ ಅದರ ಮುಖ್ಯ ಕೆಲಸ, ಬಹಳ ವರ್ಷ ತಗೊಂಡ್ರೆ ವಿಟಮಿನ್ ಬಿ12 ಕಮ್ಮಿ ಆಗಬಹುದು, ಅದೊಂದು ಚೆಕ್ ಮಾಡಿಸ್ಕೋಬೇಕು.

ನಿದ್ದೆ ವಿಷಯ ನಾನು ಕೊನೇ ತನಕ ನಂಬಿರಲಿಲ್ಲ. 1999ರ ಒಂದು ಪ್ರಯೋಗದಲ್ಲಿ ಆರೋಗ್ಯವಾಗಿದ್ದ 11 ಜನ ಹುಡುಗರನ್ನ ಆರು ರಾತ್ರಿ ಬರೀ ನಾಲ್ಕು ಗಂಟೆ ಹಾಸಿಗೇಲಿ ಬಿಟ್ರು, ಅಷ್ಟಕ್ಕೇ ಅವರ ಮೈ ಗ್ಲೂಕೋಸ್ ನಿಭಾಯಿಸೋದು ಹಾಳಾಯ್ತು. ನನ್ನ ಡೈರಿ ನೋಡಿದ್ರೆ, ಆಫೀಸ್ ಕೆಲಸ ಅಂತ ಎರಡು ಗಂಟೆಗೆ ಮಲಗಿದ ಮಾರನೇ ಬೆಳಿಗ್ಗೆ 108, 110, ಬೇಗ ಮಲಗಿದ ದಿನ ತೊಂಬತ್ತರ ಮೇಲೆ ಸ್ವಲ್ಪ. ರಾತ್ರಿ ಊಟ ಅದೇ.

ಒಂದು ಮಾತು. ಇನ್ಸುಲಿನ್ ಚುಚ್ಚಿಸ್ಕೊಳ್ಳೋರು, ಮೈಯಲ್ಲಿ ಇನ್ಸುಲಿನ್ ಜಾಸ್ತಿ ಸುರಿಸೋ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳೋರು ಯಾರದ್ದೋ ಮಾತು ಕೇಳಿ ಊಟ ಬಿಡೋಕೆ ಹೋಗ್ಬೇಡಿ, ಶುಗರ್ 70ಕ್ಕಿಂತ ಕೆಳಗೆ ಇಳಿದ್ರೆ ತಲೆ ಸುತ್ತಿ ಬೀಳಬಹುದು, ಏನೇ ಮಾಡೋದಿದ್ರೂ ಡಾಕ್ಟ್ರನ್ನ ಕೇಳಿ ಡೋಸ್ ಸರಿ ಮಾಡಿಸ್ಕೊಂಡು ಮಾಡಿ. ಸ್ಟೀರಾಯ್ಡ್ ತಗೋತಿರೋವಾಗ, ಜ್ವರ ಬಂದಾಗ ಶುಗರ್ ಏರೋದು ಮಾಮೂಲು, ಅದಕ್ಕೆ ಊಟಾನ ಬೈಕೋಬೇಡಿ.

ಎಂಟು ತಿಂಗಳಾಯ್ತು ಈಗ. ಹೋದ ವಾರ ಮತ್ತೆ ರಕ್ತ ಕೊಟ್ಟೆ, ಶುಗರ್ 97, ಇನ್ಸುಲಿನ್ 18 ಇದ್ದಿದ್ದು 11. ಶುಗರ್ ಇಳಿದಿದ್ದು ಏಳೇ ಪಾಯಿಂಟು, ಆದ್ರೆ ಲೆಕ್ಕ ಹಾಕಿದ್ರೆ 4.6 ಇದ್ದಿದ್ದು 2.6. ಡಾಕ್ಟ್ರು 97 ನೋಡಿ "ಪರವಾಗಿಲ್ಲ" ಅಂದು ಪುಟ ತಿರುಗಿಸಿದ್ರು. ಅಕ್ಕನಿಗೆ ಫೋನ್ ಮಾಡಿ ಎರಡೂ ನಂಬರ್ ಹೇಳಿದೆ, "ಅದೆಲ್ಲ ಇರ್ಲಿ, ಬೆಲ್ಟು ಎಷ್ಟು ತೂತು ಒಳಗೆ ಬಂತು ಹೇಳು" ಅಂದ್ಲು. ಎರಡು ಅಂದೆ.

"ಹಂಗಾದ್ರೆ ನನ್ನ ಮೀಟರ್ ವಾಪಸ್ ಕಳಿಸು, ನಿಮ್ಮ ಭಾವಂಗೆ ಬೇಕಾಗಿದೆ."