ನಾಮ ತಗೊಳ್ಳದೆ ಸಪ್ತಾಹದಲ್ಲಿ ಏಳು ದಿನ

ನಮ್ಮ ಅತ್ತೆಯವರು ನಾಮ ತಗೊಂಡು ಮೂವತ್ತು ವರ್ಷದ ಮೇಲಾಯಿತು. ನಾಮ ಅಂದರೆ ದಿನಾ ಮನಸ್ಸಿನಲ್ಲೇ ಜಪಿಸಲಿಕ್ಕೆ ಗುರು ಕೊಡುವ ದೇವರ ಹೆಸರು. ನಾನು ತಗೊಂಡಿಲ್ಲ, ತಗೊಳ್ಳಬೇಕು ಅಂತ ಅನಿಸಿಯೂ ಇಲ್ಲ. ಪ್ರತಿ ವರ್ಷ ಚಳಿಗಾಲದಲ್ಲಿ ಅವರು ವಿಜಯಪುರ ಜಿಲ್ಲೆಯ ಇಂಡಿ ಕಡೆಯ ಒಂದು ಸಣ್ಣ ಮಠಕ್ಕೆ, ಏಳು ದಿನದ ಜಪ, ಭಜನೆ, ಪ್ರವಚನದ ಸಪ್ತಾಹಕ್ಕೆ ಹೋಗುತ್ತಾರೆ. ಕಳೆದ ಸಲ ಹೋಗೋ ಹೊತ್ತಿಗೆ ಅವರ ಮೊಣಕಾಲಿನ ಆಪರೇಶನ್ ಆಗಿ ಏಳು ತಿಂಗಳಾಗಿತ್ತು, ಒಬ್ಬರನ್ನೇ ಕಳಿಸೋ ಹಾಗಿರಲಿಲ್ಲ, ಬಿಟ್ಟು ಇರಿ ಅಂದರೆ ಅವರು ಇರುವವರಲ್ಲ, ಹಾಗಾಗಿ ನಾನು ರಜೆ ಹಾಕಿ ಜೊತೆಗೆ ಹೊರಟೆ.

"ನೀ ಏನೂ ಮಾಡಬ್ಯಾಡ. ಸುಮ್ನ ನನ್ನ ಬಾಜೂಕ ಕುಂಡ್ರು, ಸಾಕು" ಅಂದಿದ್ದರು.

ಬಂದ ಮೇಲೆ ನನ್ನ ಹಾಗೇ ಇರುವ ಮೂರ್ನಾಲ್ಕು ಜನ ಕೇಳಿದರು. ಅವ್ವನ ಜೊತೆ ಹೋಗಬೇಕು, ಗಂಡನ ಜೊತೆ ಹೋಗಬೇಕು, ಆದರೆ ನಮಗೆ ಗುರು ಅಂತ ಯಾರೂ ಇಲ್ಲ, ಹೋದರೆ ನಡೆಯುತ್ತಾ ಅಂತ. ನಡೆಯುತ್ತೆ. ಕೆಲವು ಮಾತು ಮೊದಲೇ ಗೊತ್ತಿದ್ದರೆ ಚೆನ್ನಾಗಿ ನಡೆಯುತ್ತೆ. ಮಠದ ಹೆಸರು ಬರೆಯುತ್ತಿಲ್ಲ, ಅಲ್ಲಿಯ ಹಿರಿಯರಿಗೆ ಪ್ರಚಾರ ಬೇಡ.

ಮೊದಲು ಇದು ಯಾರ ಪರಂಪರೆ ಅಂತ ತಿಳ್ಕೊಂಡು ಹೋಗಿ. ನಾನು ತಿಳ್ಕೊಳ್ಳದೆ ಹೋಗಿದ್ದರೆ ಅರ್ಧ ಮಾತು ತಲೆಯ ಮೇಲೆ ಹೋಗುತ್ತಿದ್ದವು. ಇದು ಇಂಚಗೇರಿ ಸಂಪ್ರದಾಯ. ನಿಂಬರಗಿ ಮಹಾರಾಜರು, ಅವರ ಶಿಷ್ಯರು ಉಮದಿಯ ಭಾವುಸಾಹೇಬ ಮಹಾರಾಜರು. ಇಂಚಗೇರಿ ಮಠ ಕಟ್ಟಿದವರು ಭಾವುಸಾಹೇಬರೇ, 1914ರಲ್ಲಿ ತೀರಿಕೊಂಡರು. ಅವರಿಂದ ನಾಮ ಪಡೆದವರಲ್ಲಿ ಇಬ್ಬರ ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. ಒಬ್ಬರು ಸಿದ್ಧರಾಮೇಶ್ವರ ಮಹಾರಾಜರು, ಮುಂಬೈನಲ್ಲಿ ಬೀಡಿ ಅಂಗಡಿ ನಡೆಸುತ್ತಿದ್ದ ನಿಸರ್ಗದತ್ತ ಮಹಾರಾಜರಿಗೆ ಗುರು. ಇನ್ನೊಬ್ಬರು ಗುರುದೇವ ರಾನಡೆ. ಹುಟ್ಟಿದ್ದು 1886ರಲ್ಲಿ ಜಮಖಂಡಿಯಲ್ಲಿ, ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿ ಕುಲಪತಿಯೂ ಆದವರು, ಕೊನೆಗೆ ನಿಂಬಾಳದ ಆಶ್ರಮದಲ್ಲಿ ನೆಲೆಸಿ 1957ರಲ್ಲಿ ಅಲ್ಲೇ ದೇಹ ಬಿಟ್ಟರು. ಇಂಚಗೇರಿ ಮಠದ ಮಾಧವಾನಂದ ಪ್ರಭುಜಿಯವರು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದವರು, ಅಂತರ್ಜಾತಿ ಮದುವೆಗಳನ್ನು ಮಾಡಿಸಿದವರು. ಕಣ್ಣು ಮುಚ್ಚಿ ಕೂಡುವವರ ಪರಂಪರೆ ಅಂತಷ್ಟೇ ಅಂದ್ಕೊಂಡಿದ್ದ ನನಗೆ ಇದು ಹೊಸದು.

ಬೆಳಗಾವಿಯವರಿಗೆ ಒಂದು ಅನುಕೂಲ ಇದೆ. ಹಿಂದವಾಡಿಯಲ್ಲಿ ಗುರುದೇವ ರಾನಡೆ ಮಂದಿರ ಇದೆ. ಒಂದು ಸಂಜೆ ಅಲ್ಲಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ. ಅರ್ಧ ಗಂಟೆ ಅಲ್ಲಾಡದೆ ಕೂಡೋದು ನಿಮಗೆ ಆಗುತ್ತಾ ಇಲ್ವಾ ಅಂತ ಅಲ್ಲೇ ಗೊತ್ತಾಗುತ್ತೆ. ಏಳು ದಿನದ ಸಪ್ತಾಹಕ್ಕೆ ನೇರವಾಗಿ ಹೋಗೋದಕ್ಕಿಂತ ಇದು ಒಳ್ಳೆಯದು.

ಹೊರಡೋ ಮೊದಲು ಮನೆಯಲ್ಲೇ ಮಾತಾಡಿಕೊಳ್ಳಬೇಕಾದ್ದು ಎರಡು. ಒಂದು, ಕಾಲಿಗೆ ಬೀಳೋದು. ಅತ್ತೆಯವರಿಗೆ ಅದೇ ದೊಡ್ಡ ಚಿಂತೆ, ನಾನು ಆ ಮಠದ ಗುರುಗಳಾದ ಮಹಾರಾಜರ ಎದುರು ಸುಮ್ನೆ ನಿಂತುಬಿಟ್ಟರೆ ಅಂತ. ನಾನು ಹೇಳಿದೆ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡ್ತೀನಿ, ಹಿರಿಯರು ಅಂತ ಮನಸ್ಸಿನಿಂದ ಮಾಡ್ತೀನಿ, ಅದಕ್ಕಿಂತ ಜಾಸ್ತಿ ಆಗಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಆತು" ಅಂದರು. ಅಲ್ಲಿ ಅದನ್ನು ಯಾರೂ ತಪ್ಪು ತಿಳಿಯಲಿಲ್ಲ. ಆದರೆ ಈ ಮಾತು ಮನೆಯಲ್ಲಿ ಆಗದೆ ನೂರು ಜನರ ಮುಂದೆ ಆಗಿದ್ದರೆ ಅತ್ತೆಯವರಿಗೆ ಎಷ್ಟು ನೋವಾಗುತ್ತಿತ್ತು ಅಂತ ಈಗಲೂ ಯೋಚಿಸ್ತೀನಿ. ಇನ್ನೊಂದು, ಹೆಣ್ಣುಮಕ್ಕಳ ಮುಟ್ಟಿನ ವಿಷಯ. ಒಂದೊಂದು ಕಡೆ ಒಂದೊಂದು ನಡೆ. ಹೋದ ಮೇಲೆ ಮುಜುಗರ ಪಡೋ ಬದಲು, ಪ್ರತಿ ವರ್ಷ ಹೋಗಿಬರುವ ಹೆಂಗಸರನ್ನು ಫೋನಿನಲ್ಲೇ ನೇರವಾಗಿ ಕೇಳಿಬಿಡಿ. ಆ ದಿನಗಳಲ್ಲಿ ಹೊರಗೆ ಕೂಡಿಸುತ್ತಾರೆ ಅಂದರೆ ಹೋಗಬೇಕೋ ಬೇಡವೋ ಅನ್ನೋದು ನಿಮಗೆ ಬಿಟ್ಟದ್ದು. ನಾನಾದರೆ ದಿನ ನೋಡಿ ಹೋಗ್ತಿದ್ದೆ, ಇಲ್ಲ ಹೋಗ್ತಿರಲಿಲ್ಲ.

ದಾರಿ ಸುಲಭ. ಬೆಳಗಾವಿಯಿಂದ ವಿಜಯಪುರಕ್ಕೆ ಸುಮಾರು 200 ಕಿಲೋಮೀಟರ್, ಬಸ್ಸಿನಲ್ಲಿ ಐದು ತಾಸು ಹಿಡಿಯಿರಿ. ಹೆಂಗಸರು ಆಧಾರ್ ಕಾರ್ಡ್ ಇಟ್ಕೊಳ್ಳಿ, ಸಾದಾ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡು ಇಲ್ಲ. ನಿಂಬಾಳಕ್ಕೇ ಹೋಗುವವರಿಗೆ ವಿಜಯಪುರ-ಸೊಲ್ಲಾಪುರ ರೈಲು ದಾರಿಯಲ್ಲಿ ನಿಂಬಾಳ ಅನ್ನೋ ಸ್ಟೇಷನ್ನೇ ಇದೆ, ನೀವು ಹತ್ತುವ ಗಾಡಿ ಅಲ್ಲಿ ನಿಲ್ಲುತ್ತಾ ಅಂತ ಕೇಳಿಕೊಂಡು ಹತ್ತಿ. ವಯಸ್ಸಾದವರು ಜೊತೆಗಿದ್ದರೆ ಒಂದು ರಾತ್ರಿ ವಿಜಯಪುರದಲ್ಲಿ ತಂಗಿ. ನಾವು ಒಂದೇ ಓಟದಲ್ಲಿ ಹೋಗಿ ಸಂಜೆ ಮುಟ್ಟಿದೆವು, ಅತ್ತೆಯವರ ಕಾಲು ಬಾತು ಮೊದಲನೇ ದಿನವೆಲ್ಲ ಅವರಿಗೆ ಕೂಡಲಿಕ್ಕೇ ಆಗಲಿಲ್ಲ.

ಬೇಸಿಗೆಯಲ್ಲಿ ಮಾತ್ರ ಬೇಡ. ಆ ಬಯಲಿನಲ್ಲಿ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತೆ. ಚಳಿಗಾಲ ಚೆಂದ. ಹೊಲದ ತುಂಬ ಬಿಳಿಜೋಳ, ನಡುನಡುವೆ ಲಿಂಬೆ ತೋಟ. ಆದರೆ ನಸುಕಿನ ಚಳಿ ಜೋರು, ಮಲಗೋದು ಹಾಲ್‌ನಲ್ಲಿ ಜಮಖಾನೆಯ ಮೇಲೆ, ಆದ್ದರಿಂದ ಒಂದು ಕೌದಿ ಹಾಸಲಿಕ್ಕೆ, ಒಂದು ಹೊದೆಯಲಿಕ್ಕೆ ತಗೊಂಡು ಹೋಗಿ. ನೀರು ಸ್ವಲ್ಪ ಸವಳು. ನನಗೆ ಹೊಂದಲಿಲ್ಲ, ಕುಡಿಯುವ ನೀರಿನ ಕ್ಯಾನ್ ತರಿಸಿಕೊಂಡೆ. ಬಿಪಿ, ಶುಗರ್ ಗುಳಿಗೆ ತಗೊಳ್ಳುವವರ ಹತ್ತಿರ ಶೇಂಗಾ ಉಂಡಿ, ಬಿಸ್ಕಿಟ್ ಏನಾದರೂ ಇರಲಿ, ಪ್ರವಚನ ಉದ್ದವಾದರೆ ಊಟ ತಡವಾಗುತ್ತೆ.

ಇನ್ನು ಅಲ್ಲಿ ದಿನ ಹೇಗಿರುತ್ತೆ ಅಂತ. ನಸುಕಿನಲ್ಲಿ ಕಾಕಡಾರತಿ. ಆಮೇಲೆ ನೇಮ. ನೇಮ ಅಂದರೆ ಗುರು ಕೊಟ್ಟ ನಾಮವನ್ನು ಮನಸ್ಸಿನಲ್ಲೇ ನೆನೆಯುತ್ತ ಕೂಡೋದು. ನಾವು ಹೋದ ಮಠದಲ್ಲಿ ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಒಂದು ತಾಸಿನ ಮೇಲೆ. ನಡುವೆ ಭಜನೆ, ಸಮರ್ಥ ರಾಮದಾಸರ ದಾಸಬೋಧದ ಓದು, ಅದರ ಮೇಲೆ ಮಾತು. ದಾಸಬೋಧ ಇರೋದು ಮರಾಠಿಯಲ್ಲಿ. 20 ದಶಕ ಅಂದರೆ ಭಾಗ, ಒಂದೊಂದರಲ್ಲಿ 10 ಸಮಾಸ ಅಂದರೆ ಅಧ್ಯಾಯ. ಇವತ್ತು ಯಾವ ದಶಕ, ಎಷ್ಟನೇ ಸಮಾಸ ಅಂತ ಪಕ್ಕದವರನ್ನು ಕೇಳಿಕೊಂಡರೆ ಮಾತು ಎಲ್ಲಿದೆ ಅಂತ ಹಿಡಿಯಬಹುದು. ಭಜನೆಯಲ್ಲಿ ಕನ್ನಡ ಮರಾಠಿ ಎರಡೂ ಬರುತ್ತೆ. ಮರಾಠಿ ಬಾರದವರು ಎರಡೂ ಬಲ್ಲವರ ಪಕ್ಕ ಕೂಡಿ, ಗಡಿ ಕಡೆಯ ಜನ, ಅಂಥವರು ಸಾಲಿಗೆ ಇಬ್ಬರು ಇರುತ್ತಾರೆ.

ಮೊದಲನೇ ದಿನ ನಾನು ಮಾಡಿದ ತಪ್ಪು, ಮುಂದಿನ ಸಾಲಿನಲ್ಲಿ ಕೂತಿದ್ದು. ಇಪ್ಪತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯಿತು, ದೀಪ ಆರಿಸಿದ್ದರು, ಏಳಬೇಕೆಂದರೆ ಕೂತವರನ್ನು ದಾಟಿ ಹೋಗಬೇಕು. ಎದ್ದೆ. ಒಬ್ಬ ಅಜ್ಜಿಯ ಕೈ ತುಳಿದೆ. ಅವರು ಕಣ್ಣು ಕೂಡ ತೆರೆಯಲಿಲ್ಲ, ಆದರೆ ನನಗೆ ತುಂಬಾ ಕೆಟ್ಟದೆನಿಸಿತು. ಆದ್ದರಿಂದ ಹಿಂದೆ, ಗೋಡೆಗೆ ಆನಿಸಿ, ಬಾಗಿಲಿನ ಹತ್ತಿರ ಕೂಡಿ. ಕುರ್ಚಿ ಬೇಕಾದರೆ ಕೇಳಿ, ಕೊಡುತ್ತಾರೆ. ಒಂದು ತಾಸು ಆಗಲ್ಲ ಅನಿಸಿದರೆ ಒಳಗೇ ಹೋಗಬೇಡಿ, ಹೊರಗೆ ಕಟ್ಟೆಯ ಮೇಲೆ ಕೂತಿರಿ. ಅರ್ಧಕ್ಕೆ ಎದ್ದು ಬರೋದಕ್ಕಿಂತ ಅದು ಎಷ್ಟೋ ವಾಸಿ. ಫೋನ್ ಚೀಲದಲ್ಲಿಟ್ಟು ಬನ್ನಿ, ಸೈಲೆಂಟ್ ಮಾಡಿದರೂ ಅದರ ಬೆಳಕು ಆ ಕತ್ತಲೆಯಲ್ಲಿ ಎಲ್ಲರಿಗೂ ಕಾಣುತ್ತೆ.

ನಾಮ ಇಲ್ಲದವರು ಆ ಹೊತ್ತಿನಲ್ಲಿ ಏನು ಮಾಡಬೇಕು? ಅಲ್ಲಿಯ ಒಬ್ಬ ಹಿರಿಯರನ್ನು ಕೇಳಿದೆ. "ಉಸುರು ನೋಡ್ಕೊಂತ ಕುಂಡ್ರವಾ. ಇಲ್ಲಾ ನಿಮ್ಮ ಮನಿದೇವ್ರನ್ನ ನೆನಿ. ಎರಡೂ ಆಗಲಿಲ್ಲಂದ್ರ ಸುಮ್ನ ಕುಂಡ್ರು" ಅಂದರು. ನಾನು ಸುಮ್ನೆ ಕೂತೆ. ಎರಡು ದಿನ ಆಫೀಸು, ಮಗಳ ಪರೀಕ್ಷೆ, ಗ್ಯಾಸ್ ಸಿಲಿಂಡರ್, ಇದೇ ತಲೆಯಲ್ಲಿ ಓಡಿತು. ನಾಲ್ಕನೇ ದಿನ ಸ್ವಲ್ಪ ಇಳಿಯಿತು. ಅಷ್ಟೇ ಆದದ್ದು, ಅದಕ್ಕೆ ಬೇರೆ ಹೆಸರು ಕೊಡಲಾರೆ. ಈ ಪರಂಪರೆಯಲ್ಲೇ ಇರುವೆಯ ದಾರಿ, ಹಕ್ಕಿಯ ದಾರಿ ಅಂತ ಎರಡು ಹೇಳುತ್ತಾರೆ. ನಾಮ ಹಿಡಿದು ನಿಧಾನ ಹತ್ತೋದು ಇರುವೆಯ ದಾರಿ, ವಿಚಾರದಿಂದ ಒಮ್ಮೆಲೇ ಹಾರೋದು ಹಕ್ಕಿಯ ದಾರಿ. ಭಾವುಸಾಹೇಬರು ಮೊದಲನೆಯದನ್ನು ಒತ್ತಿ ಹೇಳಿದವರು, ಸಿದ್ಧರಾಮೇಶ್ವರರು ಎರಡನೆಯದನ್ನು. ಮೂವತ್ತು ವರ್ಷ ದಿನಕ್ಕೆ ಮೂರು ಸಲ ಕೂತ ಅತ್ತೆಯವರನ್ನು ಪಕ್ಕದಲ್ಲಿ ನೋಡಿದಾಗ ಇರುವೆಯ ಮಾತು ಅರ್ಥವಾಯಿತು. ಮೊಣಕಾಲಿನ ನೋವಿಗೆ ಮನೆಯಲ್ಲಿ ರಾತ್ರಿಯೆಲ್ಲ ನರಳುವವರು ಅಲ್ಲಿ ಕುರ್ಚಿಯಲ್ಲಿ ಕೂತು ಒಂದು ತಾಸು ಅಲ್ಲಾಡುತ್ತಿರಲಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. "ನಾಮ ಆಗೇದೇನ್ರಿ?" ಈ ಪ್ರಶ್ನೆ ನಿಮಗೆ ದಿನಕ್ಕೆ ಹತ್ತು ಸಲ ಬರುತ್ತೆ. ನೀರಿನ ಸಾಲಿನಲ್ಲಿ, ಪಂಕ್ತಿಯಲ್ಲಿ, ಬಟ್ಟೆ ಒಣಹಾಕುವಾಗ. ಎಲ್ಲರೂ ಪ್ರೀತಿಯಿಂದಲೇ ಕೇಳುತ್ತಾರೆ. "ಇಲ್ರೀ, ನಮ್ಮ ಅತ್ತೆಯವರ ಜೋಡಿ ಬಂದೀನಿ" ಅಂತ ಮೊದಲನೇ ಸಲವೇ ಹೇಳಿಬಿಡಿ. ನಾನು ಮೊದಲ ದಿನ ಏನೋ ಒಂದು ಹೇಳಿ ಜಾರಿಕೊಂಡೆ, ಅದರಿಂದಲೇ ತೊಂದರೆ ಆದದ್ದು. ಇನ್ನೂ ಮನಸ್ಸು ಮಾಡುತ್ತಿದ್ದಾಳೆ ಅಂತ ತಿಳಿದ ಒಬ್ಬ ಅಕ್ಕ ಐದನೇ ದಿನ ಕೈ ಹಿಡಿದು ಕೂತರು. "ಮಹಾರಾಜರು ಇದ್ದಾಗನ ತಗೋ. ಇಂಥಾ ಯೋಗ ಮತ್ತ ಬರೂದಿಲ್ಲ. ನಿಮ್ಮ ಅತ್ತಿಗೂ ಎಷ್ಟು ಖುಷಿ ಆಕ್ಕೇತಿ ನೋಡು." ಕೊನೆಯ ಮಾತು ನನ್ನನ್ನು ಅಲ್ಲಾಡಿಸಿತು. ಅತ್ತೆಯವರ ಖುಷಿಗೆ ಒಂದು ಹೂಂ ಅಂದರೆ ಏನು ಹೋಗುತ್ತೆ ಅನಿಸಿತು. ಆ ರಾತ್ರಿ ಸರಿ ನಿದ್ದೆ ಬರಲಿಲ್ಲ.

ಮರುದಿನ ಅದೇ ಹಿರಿಯರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನಗೆ ನಂಬಿಕೆ ಇಲ್ಲ, ಅತ್ತೆಯವರ ಸಲುವಾಗಿ ತಗೊಳ್ಳಲೇ ಅಂತ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಬ್ಯಾಡ. ನಾಮ ಅಂದ್ರ ದಿನಾ ಮಾಡೂದು, ಇಸ್ಕೊಂಡು ಇಡೂದಲ್ಲ. ಮಾಡಾಂಗಿಲ್ಲ ಅಂತ ಗೊತ್ತಿದ್ದು ತಗೊಂಡ್ರ ನಿನಗೂ ಭಾರ, ಕೊಟ್ಟವರಿಗೂ ಭಾರ." ಆ ಅಕ್ಕನಿಗೂ ಅವರೇ ಹೇಳಿದರು, ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಸಂಕೋಚಕ್ಕೆ, ಮನೆಯವರ ಖುಷಿಗೆ ನಾಮ ತಗೊಳ್ಳಬೇಡಿ. ಅದನ್ನು ನಿಜವಾಗಿ ನಡೆಸುವವರಿಗೆ ಅದು ಎಷ್ಟು ದೊಡ್ಡದು ಅಂತ ಏಳು ದಿನ ನೋಡಿದ್ದೀನಿ, ಅದಕ್ಕೇ ಹೇಳ್ತೀನಿ. ಹಾಗೆಯೇ ನಿಮ್ಮ ನಾಮ ಯಾವುದು ಅಂತ ಯಾರನ್ನೂ ಕೇಳಬೇಡಿ. ಅದನ್ನು ಅವರು ಬಾಯಿ ಬಿಟ್ಟು ಹೇಳುವುದಿಲ್ಲ.

ಹಲವು ವರ್ಷದ ಹಿಂದೆ ಬೇರೆ ಊರಿನಲ್ಲಿ ಬೇರೆ ಗುರುಗಳ ಶಿಬಿರಕ್ಕೆ ಹೋಗಿದ್ದೆ. ಅಲ್ಲಿ ಮೊದಲೇ ದುಡ್ಡು ಕಟ್ಟಿಸಿಕೊಂಡು, ಕೊನೆಯ ದಿನ ಮುಂದಿನ ಶಿಬಿರಕ್ಕೆ ಹೆಸರು ಬರೆಸದೆ ಬಾಗಿಲು ದಾಟಲಿಕ್ಕೆ ಬಿಡಲಿಲ್ಲ. ಅಂಥ ಜಾಗದಲ್ಲಿ ಭಕ್ತರಲ್ಲದವರು ಜಾಸ್ತಿ ಹೊತ್ತು ಇರಬಾರದು ಅನ್ನೋದು ನನ್ನ ಅಭಿಪ್ರಾಯ. ಬೇಡ ಅಂದಾಗ ಸಿಟ್ಟಾಗುತ್ತಾರಾ, ಬಿಟ್ಟುಬಿಡುತ್ತಾರಾ, ಅದನ್ನು ನೋಡಿ. ಇಲ್ಲಿ ಯಾರೂ ದುಡ್ಡು ಕೇಳಲಿಲ್ಲ. ಪ್ರಸಾದದ ಖರ್ಚಿಗೆ ನಮಗೆ ತಿಳಿದಷ್ಟು ಕೊಟ್ಟು ರಸೀದಿ ತಗೊಂಡೆವು. ಊರಿನವರು ಜೋಳ, ಬೆಲ್ಲ, ಚೀಲಗಟ್ಟಲೆ ಕಡಕ್ ರೊಟ್ಟಿ ತಂದು ಹಾಕುತ್ತಾರೆ.

ನಿಮಗೆ ಅಲ್ಲಿ ಸರಿಯಾದ ಜಾಗ ಯಾವುದು ಅಂತ ಕೇಳಿದರೆ ನಾನು ಅಡುಗೆಮನೆ ಅಂತೀನಿ. ಎರಡನೇ ದಿನದಿಂದ ಭಜನೆಯ ಹೊತ್ತಿನಲ್ಲಿ ನಾನು ಅಲ್ಲೇ ಇದ್ದೆ. ಮೆಂತ್ಯೆ ಸೋಸೋದು, ಉಳ್ಳಾಗಡ್ಡಿ ಹೆಚ್ಚೋದು, ಪಂಕ್ತಿಯಲ್ಲಿ ಶೇಂಗಾ ಚಟ್ನಿ ಬಡಿಸೋದು. ಅಲ್ಲಿ ನಾಮ ಆಗೇದೇನು ಅಂತ ಯಾರೂ ಕೇಳಲಿಲ್ಲ, ಈಳಿಗೆ ಹಿಡಿಯಲು ಬರುತ್ತೇನು ಅಂತ ಕೇಳಿದರು. ಗಂಡ ಕುಡಿತ ಬಿಟ್ಟದ್ದು, ಮಗ ತೀರಿಕೊಂಡ ವರ್ಷ ನೇಮ ಮಾಡಲಿಕ್ಕೆ ಆಗದೆ ಅತ್ತದ್ದು, ಇಪ್ಪತ್ತು ವರ್ಷ ಮಾಡಿಯೂ ಏನೂ ಕಾಣಲಿಲ್ಲ ಆದರೂ ಬಿಡಲಾರೆ ಅಂದದ್ದು, ಎಲ್ಲಾ ಆ ಒಲೆಯ ಮುಂದೆ ಕೇಳಿದೆ. ಪ್ರವಚನದಲ್ಲಿ ತಿಳಿದದ್ದಕ್ಕಿಂತ ನನಗೆ ಅಲ್ಲಿ ತಿಳಿದದ್ದು ಜಾಸ್ತಿ. ಊಟಕ್ಕೆ ಎಲ್ಲರೂ ಒಂದೇ ಪಂಕ್ತಿ. ಕೊನೆಯ ದಿನ ಗೋಧಿ ಹುಗ್ಗಿ.

ಏಳು ದಿನ ಜಾಸ್ತಿ ಅನಿಸುವವರು ಕೊನೆಯ ಮೂರು ದಿನಕ್ಕೆ ಹೋಗಿ. ಅದೂ ಬೇಡ, ಸುಮ್ನೆ ಕೇಳಿ ಬರ್ತೀವಿ ಅಂದರೆ ವಿಜಯಪುರದ ಜ್ಞಾನಯೋಗಾಶ್ರಮಕ್ಕೆ ಹೋಗಿ. 2023ರ ಜನವರಿ 2ರಂದು ತೀರಿಕೊಂಡ ಸಿದ್ಧೇಶ್ವರ ಸ್ವಾಮೀಜಿ ಇದ್ದ ಜಾಗ ಅದು. ತಮಗೆ ಸ್ಮಾರಕ ಕಟ್ಟಬಾರದು ಅಂತ ಬರೆದಿಟ್ಟು ಹೋದವರು, ಪದ್ಮಶ್ರೀ ಬೇಡ ಅಂದವರು. ನಾವು ಬರುವಾಗ ಅಲ್ಲಿ ಎರಡು ತಾಸು ಮರದ ಕೆಳಗೆ ಕೂತಿದ್ದೆವು, ನೀವು ಯಾರು ಅಂತ ಕೂಡ ಯಾರೂ ಕೇಳಲಿಲ್ಲ.

ಮರಳುವ ಬಸ್ಸಿನಲ್ಲಿ ಜಮಖಂಡಿ ದಾಟಿದ ಮೇಲೆ ಅತ್ತೆಯವರಿಗೆ ಆ ಅಕ್ಕನ ವಿಷಯ, ಹಿರಿಯರು ಹೇಳಿದ್ದು, ಎಲ್ಲಾ ಹೇಳಿದೆ. ಅಲ್ಲಿಯವರೆಗೆ ಹೇಳಿರಲಿಲ್ಲ. ಅವರು ಕಿಟಕಿ ಕಡೆ ನೋಡುತ್ತ ಕೇಳಿಸಿಕೊಂಡರು. "ನೀ ತಗೊಂಡಿದ್ರ ನನಗ ಗೊತ್ತಾಗ್ತಿತ್ತು, ನನ್ನ ಸಲುವಾಗಿ ಅಂತ. ಬ್ಯಾಡಾಗಿತ್ತು" ಅಂದರು. ಆಮೇಲೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಈ ಚಳಿಗಾಲಕ್ಕೆ ಮತ್ತೆ ಹೋಗ್ತೀವಿ. ಈ ಸಲ ಕೌದಿ ಮೂರು ಇಟ್ಕೊಳ್ತೀನಿ, ವಿಜಯಪುರದಲ್ಲಿ ಒಂದು ರಾತ್ರಿ ತಂಗ್ತೀವಿ.